ಸತ್ತ ಕೋಳಿಯನ್ನು ಎತ್ತುವ ಕೈ

(ಮದ್ದೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಕೋಳಿ ಸಾಕುವ ಮನೆಗಳವರ ಮುಂದೆ ನಿವೃತ್ತ ಪಶುವೈದ್ಯರೊಬ್ಬರು ಆಡಿದ ಮಾತಿನ ಬರಹ ರೂಪ)

ನಿಮ್ಮಲ್ಲಿ ಎಷ್ಟು ಜನರ ಹಿತ್ತಲಲ್ಲಿ ಕೋಳಿ ಇದೆ? ಕೈ ಎತ್ತಿ ನೋಡೋಣ. ಹೆಚ್ಚುಕಮ್ಮಿ ಎಲ್ಲರೂ ಎತ್ತಿದ್ದೀರಿ. ಅದರಲ್ಲೂ ಹೆಂಗಸರ ಕೈಗಳೇ ಜಾಸ್ತಿ. ನಾನು ಇವತ್ತು ಮಾತಾಡಬೇಕು ಅಂತ ಬಂದಿರುವುದು ಆ ಕೈಗಳ ಬಗ್ಗೆಯೇ.

ಹಕ್ಕಿಜ್ವರ ಅಂದ ತಕ್ಷಣ ನಮ್ಮ ಕಡೆ ಮೊದಲು ಬರುವ ಪ್ರಶ್ನೆ, "ಕೋಳಿ ತಿನ್ನಬಹುದಾ ಸ್ವಾಮಿ?" ಟಿವಿಯಲ್ಲೂ ಅದೇ, ಅಂಗಡಿ ಮುಂದೆಯೂ ಅದೇ. ತಿನ್ನಬಹುದು. ಚೆನ್ನಾಗಿ ಬೇಯಿಸಿ ತಿನ್ನಬಹುದು. ಮಾಂಸದ ಒಳಗಿನವರೆಗೂ 70 ಡಿಗ್ರಿ ಬಿಸಿ ತಗುಲಿದರೆ ಈ ವೈರಸ್ ಸಾಯುತ್ತದೆ. ನಮ್ಮ ನಾಟಿಕೋಳಿ ಸಾರು ಒಲೆ ಮೇಲೆ ಕೊತಕೊತ ಕುದಿಯುತ್ತದೆ, ಅಲ್ವಾ? ಆ ಪಾತ್ರೆಯೊಳಗೆ ಏನೂ ಉಳಿಯುವುದಿಲ್ಲ. ಅರ್ಧ ಬೆಂದ ಮೊಟ್ಟೆ, ಗರಡಿ ಹುಡುಗರು ಒಡೆದು ಕುಡಿಯುವ ಹಸಿ ಮೊಟ್ಟೆ, ಇವನ್ನು ರೋಗ ಇರುವ ಕಾಲದಲ್ಲಿ ಬಿಡಬೇಕು. ತಿನ್ನುವ ವಿಚಾರ ಇಷ್ಟೇ.

ಅಪಾಯ ಇರುವುದು ಸಾರಿಗಿಂತ ಮುಂಚೆ. ಹೊಸತೊಡಕಿನ ಬೆಳಗ್ಗೆ ನೆನಪು ಮಾಡಿಕೊಳ್ಳಿ. ಕೋಳಿ ಹಿಡಿಯುತ್ತೀರಿ, ಅದು ರೆಕ್ಕೆ ಬಡಿಯುತ್ತದೆ. ಕುಯ್ಯುತ್ತೀರಿ. ಬಿಸಿನೀರಲ್ಲಿ ಅದ್ದಿ, ಕುಕ್ಕರಗಾಲಲ್ಲಿ ಕೂತು ಪುಕ್ಕ ಕೀಳುತ್ತೀರಿ. ಆಮೇಲೆ ಹೊಟ್ಟೆ ಬಗೆದು ಕರುಳು ತೆಗೆಯುತ್ತೀರಿ. ನಡುವೆ ಕೂದಲು ಮುಖಕ್ಕೆ ಬಂತು ಅಂತ ಮುಂಗೈಯಲ್ಲಿ ಸರಿಸುತ್ತೀರಿ. ಪಕ್ಕದಲ್ಲಿ ಮಗು ಬಂದು ಕೂತಿರುತ್ತದೆ. ಕೋಳಿಗೆ ರೋಗ ಇದ್ದರೆ ಆ ರಕ್ತದಲ್ಲಿ, ಸಿಂಬಳದಲ್ಲಿ, ಹಿಕ್ಕೆಯಲ್ಲಿ ವೈರಸ್ ತುಂಬಿರುತ್ತದೆ. ಆ ಮುಂಗೈ ಕಣ್ಣಿಗೋ ಮೂಗಿಗೋ ತಾಗಿದರೆ ಸಾಕು. ಪುಕ್ಕ ಕೊಡವಿದಾಗ ಏಳುವ ಸಣ್ಣ ಧೂಳು ಉಸಿರಿನ ಜೊತೆ ಒಳಗೆ ಹೋದರೂ ಸಾಕು.

ಇದು ನನ್ನ ಊಹೆ ಅಲ್ಲ. 1997ರ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ 3 ವರ್ಷದ ಒಬ್ಬ ಹುಡುಗ ಜ್ವರದಿಂದ ತೀರಿಕೊಂಡ. ಪರೀಕ್ಷೆ ಮಾಡಿದರೆ ಕೋಳಿಯ ವೈರಸ್, ಎಚ್5ಎನ್1. ಅಲ್ಲಿಯವರೆಗೆ ಇದು ಮನುಷ್ಯನಿಗೆ ನೇರವಾಗಿ ಬಂದು ಕೊಲ್ಲುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ವರ್ಷ ಮುಗಿಯುವ ಹೊತ್ತಿಗೆ 18 ಜನಕ್ಕೆ ಬಂತು, 6 ಜನ ಸತ್ತರು. ಅಲ್ಲಿ ಜೀವಂತ ಕೋಳಿ ಮಾರುವ ಸಂತೆಗಳಿದ್ದವು, ನಮ್ಮ ಸಂತೆಗಳ ಹಾಗೆಯೇ. ಡಿಸೆಂಬರ್ ಕೊನೆಯಲ್ಲಿ ಸರ್ಕಾರ ಇಡೀ ಊರಿನ ಕೋಳಿಗಳನ್ನು, ಹತ್ತು ಲಕ್ಷಕ್ಕೂ ಹೆಚ್ಚು, ಕೊಲ್ಲಿಸಿತು. ಕೋಳಿ ಹೋದ ಮೇಲೆ ಜನರಿಗೆ ಬರುವುದೂ ನಿಂತಿತು. ಮನುಷ್ಯನಿಂದ ಮನುಷ್ಯನಿಗೆ ಹಬ್ಬುತ್ತಿದ್ದರೆ ಹಾಗೆ ನಿಲ್ಲುತ್ತಿರಲಿಲ್ಲ. ಬರುತ್ತಿದ್ದುದು ಕೋಳಿಯಿಂದ ಅಂತ ಅಲ್ಲೇ ಗೊತ್ತಾಯಿತು.

2003ರಿಂದ ಈಚೆಗೆ ಪ್ರಪಂಚದಲ್ಲಿ 900ಕ್ಕೂ ಹೆಚ್ಚು ಜನಕ್ಕೆ ಇದು ಬಂದದ್ದು ದಾಖಲಾಗಿದೆ. ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಉಳಿಯಲಿಲ್ಲ. ಇಪ್ಪತ್ತು ವರ್ಷದಲ್ಲಿ 900 ಅಂದರೆ ಕಡಿಮೆಯೇ. ಆದರೆ ಬಂದವರಲ್ಲಿ ಅರ್ಧ ಜನ ಸಾಯುವ ಜ್ವರ ಅಂದರೆ ಅದು ಸಣ್ಣ ಮಾತಲ್ಲ. ಈಜಿಪ್ಟ್‌ನಲ್ಲಿ ಇದು ತುಂಬಾ ಜನಕ್ಕೆ ಬಂತು. ಅಲ್ಲಿ ಮನೆ ಮಹಡಿ ಮೇಲೆ ಕೋಳಿ, ಬಾತು ಸಾಕುತ್ತಾರೆ. ಕಾಯಿಲೆ ಬಿದ್ದವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಮೇವು ಹಾಕುವವರು ಯಾರು, ಕುಯ್ದು ಶುಚಿ ಮಾಡುವವರು ಯಾರು, ಮರಿ ಎತ್ತಿಕೊಂಡು ಆಡುವವರು ಯಾರು? ಅವರಿಗೇ ಬಂತು.

ನಮ್ಮ ದೇಶದಲ್ಲಿ 2021ರ ಜುಲೈನಲ್ಲಿ ಹರಿಯಾಣದ ಒಬ್ಬ ಹುಡುಗ ದೆಹಲಿಯ ಏಮ್ಸ್‌ನಲ್ಲಿ ತೀರಿಕೊಂಡ. ಭಾರತದಲ್ಲಿ ಎಚ್5ಎನ್1ನಿಂದ ದಾಖಲಾದ ಮೊದಲ ಸಾವು ಅದು. 2025ರ ಮಾರ್ಚ್‌ನಲ್ಲಿ ಪಕ್ಕದ ಆಂಧ್ರದ ಪಲ್ನಾಡು ಜಿಲ್ಲೆಯಲ್ಲಿ 2 ವರ್ಷದ ಹೆಣ್ಣುಮಗು ಹೋಯಿತು. ಮನೆಯಲ್ಲಿ ಕೋಳಿ ಕುಯ್ಯುವಾಗ ಮಗು ಹಸಿ ಮಾಂಸದ ಒಂದು ಚೂರು ಬಾಯಿಗೆ ಹಾಕಿಕೊಂಡಿತ್ತು ಅಂತ ಮನೆಯವರು ಹೇಳಿದ್ದರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಎಷ್ಟು ಮನೆಗಳಲ್ಲಿ, ಎಷ್ಟು ಸಲ, ಆ ದೃಶ್ಯ ನಾನೇ ನೋಡಿಲ್ಲ?

ಒಬ್ಬರು ಆಗಲೇ ಕೇಳಿದಿರಿ, "ಹಾಗಾದರೆ ಕೊರೊನಾ ಥರ ಯಾಕೆ ಹಬ್ಬಲಿಲ್ಲ?" ಒಳ್ಳೆ ಪ್ರಶ್ನೆ. ನಿಮ್ಮ ಜಮೀನಿನ ಲೆಕ್ಕದಲ್ಲೇ ಹೇಳುತ್ತೇನೆ. ಭತ್ತ ಎಲ್ಲಿ ಬರುತ್ತದೆ? ನಾಲೆ ನೀರು ನಿಲ್ಲುವ ಗದ್ದೆಯಲ್ಲಿ. ಅದೇ ಭತ್ತವನ್ನು ಮೇಲಿನ ಬೆದ್ದಲು ಹೊಲಕ್ಕೆ ಚೆಲ್ಲಿದರೆ ಏಳುವುದಿಲ್ಲ. ಹಕ್ಕಿಯ ವೈರಸ್ ಗದ್ದೆಯ ಬೀಜ. ಹಕ್ಕಿಯ ಕರುಳು, ಶ್ವಾಸನಾಳ ಅದಕ್ಕೆ ಗದ್ದೆ. ನಮ್ಮ ಮೂಗು, ಗಂಟಲು ಅದಕ್ಕೆ ಬೆದ್ದಲು. ಅಲ್ಲಿನ ಜೀವಕೋಶಗಳ ಮೇಲೆ ಅದಕ್ಕೆ ಬೇಕಾದ ಹಿಡಿಕೆ ಹೆಚ್ಚು ಇಲ್ಲ, ಹಾಗಾಗಿ ಸುಲಭಕ್ಕೆ ಬೇರು ಬಿಡುವುದಿಲ್ಲ. ಆದರೆ ಎತ್ತರದ ಹೊಲದಲ್ಲೂ ಎಲ್ಲೋ ಒಂದು ಕಡೆ ಜವುಗು ಇರುತ್ತದಲ್ಲ? ನಮ್ಮ ಶ್ವಾಸಕೋಶದ ಆಳದಲ್ಲಿ ಅಂಥ ಜಾಗ ಇದೆ. ಕಣ್ಣಿನ ಪೊರೆಯಲ್ಲೂ ಇದೆ. ತುಂಬಾ ವೈರಸ್ ಒಟ್ಟಿಗೇ ಒಳಗೆ ಹೋದರೆ ಆ ಆಳಕ್ಕೆ ತಲುಪುತ್ತದೆ. ತಲುಪಿದರೆ ನ್ಯುಮೋನಿಯಾ, ಉಸಿರು ಕಟ್ಟುವುದು. ಅಷ್ಟು ಆಳದಲ್ಲಿ ಇರುವುದರಿಂದ ಕೆಮ್ಮಿದಾಗ ಸುಲಭವಾಗಿ ಹೊರಗೆ ಬಂದು ಪಕ್ಕದವರಿಗೆ ಅಂಟುವುದಿಲ್ಲ. ಬಂದವನಿಗೆ ಭಾರಿ, ಪಕ್ಕದವನಿಗೆ ಅಪರೂಪ. ಎರಡಕ್ಕೂ ಕಾರಣ ಒಂದೇ.

ಭಯ ಇರುವುದು ಬೀಜ ಬದಲಾಗುವುದರ ಬಗ್ಗೆ. ಈ ವೈರಸ್‌ನ ವಂಶವಾಹಿ ಎಂಟು ತುಂಡುಗಳಲ್ಲಿದೆ. ಒಂದೇ ಮೈಯಲ್ಲಿ ಎರಡು ಬಗೆಯ ಫ್ಲೂ ಸೇರಿದರೆ ತುಂಡುಗಳು ಅದಲು ಬದಲಾಗಬಹುದು. ಹಂದಿಯ ಗಂಟಲು ಗದ್ದೆಯೂ ಹೌದು, ಬೆದ್ದಲೂ ಹೌದು. ಹಕ್ಕಿಯ ಫ್ಲೂ, ಮನುಷ್ಯನ ಫ್ಲೂ ಎರಡೂ ಅಲ್ಲಿ ಏಳುತ್ತವೆ. ಅದಕ್ಕೇ ಹಂದಿ ಮತ್ತು ಕೋಳಿಯನ್ನು ಒಂದೇ ಕೊಟ್ಟಿಗೆಯಲ್ಲಿ ಸಾಕಬೇಡಿ ಅಂತ ನಾವು ಬಡಕೊಳ್ಳುವುದು. ಫಾರಂನಲ್ಲಿ ದಿನಾ ಕೆಲಸ ಮಾಡುವವರು ಮಾಮೂಲಿ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಅದು ಹಕ್ಕಿಜ್ವರ ತಡೆಯುವುದಿಲ್ಲ. ಎರಡು ಫ್ಲೂ ನಿಮ್ಮ ಮೈಯಲ್ಲೇ ಭೇಟಿಯಾಗುವ ಸಂದರ್ಭವನ್ನು ಕಡಿಮೆ ಮಾಡುತ್ತದೆ.

ಈಗ ನನ್ನದೇ ಒಂದು ಕಥೆ. ಕೆಲಸಕ್ಕೆ ಸೇರಿದ ಹೊಸತು. ಮಳವಳ್ಳಿ ಕಡೆಯ ಒಂದು ಹಳ್ಳಿಯಿಂದ ಒಬ್ಬ ತಾಯಿ ಮಂಕರಿಯಲ್ಲಿ ನಾಲ್ಕು ಸತ್ತ ಕೋಳಿ ತಂದರು. ಎರಡು ದಿನದಲ್ಲಿ ಹನ್ನೊಂದು ಹೋಗಿವೆ ಅಂದರು. ನಾನು ಆಸ್ಪತ್ರೆ ಹಿಂದಿನ ಕಲ್ಲು ಚಪ್ಪಡಿ ಮೇಲೆ ಇಟ್ಟು ಬರಿಗೈಯಲ್ಲೇ ಕುಯ್ದು ನೋಡಿದೆ. ಕೈಗವಸು ಇತ್ತು, ಬೀರುವಿನಲ್ಲಿ. ತೆಗೆಯಲಿಲ್ಲ. ಹೊಟ್ಟೆಯೊಳಗೆ ರಕ್ತದ ಚುಕ್ಕೆ ಕಂಡವು. "ಕೊಕ್ಕರೆ ರೋಗ ಕಣಮ್ಮ, ಲಸಿಕೆ ಹಾಕಿಸಬೇಕಿತ್ತು" ಅಂದೆ. ನಲ್ಲಿಯಲ್ಲಿ ಕೈ ತೊಳೆದು, ಸಂಜೆ ಮನೆಗೆ ಹೋಗಿ, ಅದೇ ಅಂಗಿಯಲ್ಲಿ ಎಂಟು ತಿಂಗಳ ಮಗಳನ್ನು ಎತ್ತಿಕೊಂಡೆ. ಆವತ್ತು ಅದು ಕೊಕ್ಕರೆ ರೋಗವೇ ಆಗಿತ್ತು. ಬೇರೆ ಆಗಿದ್ದರೆ? ಹಾಂಗ್‌ಕಾಂಗ್‌ನ ಆ ಮಗುವಿನ ವಿಷಯ ಮುಂದೆ ಒಂದು ದಿನ ಓದಿದಾಗ, ನನಗೆ ಮೊದಲು ನೆನಪಾದದ್ದು ಆ ಅಂಗಿ.

ಕೊಕ್ಕರೆ ರೋಗ ಅಂದೆನಲ್ಲ, ಈ ಹೆಸರಿನಿಂದ ಒಂದು ಗೊಂದಲ ಆಗುತ್ತಿದೆ. ಕೊಕ್ಕರೆ ರೋಗ ಅಂದರೆ ರಾಣಿಖೇತ್. ಅದಕ್ಕೂ ಕೊಕ್ಕರೆಗೂ ಹಕ್ಕಿಜ್ವರಕ್ಕೂ ಸಂಬಂಧ ಇಲ್ಲ, ವೈರಸ್ಸೇ ಬೇರೆ. ಕೊಕ್ಕರೆ ರೋಗದಲ್ಲಿ ಕೋಳಿ ಕತ್ತು ತಿರುಚುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರು ಮಿಶ್ರಿತ ಬಿಳಿ ಭೇದಿ ಆಗುತ್ತದೆ. ಅದಕ್ಕೆ ಲಸಿಕೆ ಇದೆ. ಹಕ್ಕಿಜ್ವರದಲ್ಲಿ ಜುಟ್ಟು ನೀಲಿಗಟ್ಟುತ್ತದೆ, ಮುಖ ಊದುತ್ತದೆ, ಪುಕ್ಕ ಇಲ್ಲದ ಕಾಲಿನ ಮೇಲೆ ಕೆಂಪು ಕಲೆ ಬರುತ್ತದೆ. ಎಷ್ಟೋ ಸಲ ಯಾವ ಲಕ್ಷಣವೂ ಇಲ್ಲದೆ, ರಾತ್ರಿ ಚೆನ್ನಾಗಿದ್ದ ಕೋಳಿ ಬೆಳಗ್ಗೆ ಮಂಕರಿ ಎತ್ತಿದರೆ ಸತ್ತಿರುತ್ತದೆ. ಎರಡರಲ್ಲೂ ಸಾಲುಸಾಲು ಸಾಯುತ್ತವೆ. ಮೂವತ್ತು ವರ್ಷ ಕೋಳಿ ನೋಡಿದ ನನಗೂ ಕಣ್ಣಲ್ಲಿ ನೋಡಿ ಇದು ಇದೇ ಅಂತ ಹೇಳಲು ಆಗುವುದಿಲ್ಲ. ಭೋಪಾಲ್‌ನಲ್ಲಿರುವ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಮಾದರಿ ಹೋಗಬೇಕು, ಅಲ್ಲಿಂದ ಉತ್ತರ ಬರಬೇಕು. ಬಾತುಕೋಳಿ ಇದ್ದವರು ಇನ್ನೂ ಹುಷಾರಾಗಿರಿ. ಬಾತು ವೈರಸ್ ಹೊತ್ತುಕೊಂಡು ಆರಾಮಾಗಿ ಓಡಾಡಿಕೊಂಡಿರಬಹುದು.

"ನಮ್ಮೂರಿಗೆ ಎಲ್ಲಿ ಬರುತ್ತೆ ಬಿಡಿ" ಅನ್ನಬೇಡಿ. ಬಂದು ಹೋಗಿದೆ. 2012ರಲ್ಲಿ ಬೆಂಗಳೂರಿನ ಹತ್ತಿರ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರದಲ್ಲಿ ಟರ್ಕಿ ಕೋಳಿಗಳು ಸತ್ತವು. 2017ರ ಜನವರಿಯಲ್ಲಿ ಮೈಸೂರು ಮೃಗಾಲಯದ ಹಕ್ಕಿಗಳಲ್ಲಿ ಎಚ್5ಎನ್8 ಅನ್ನುವ ಇನ್ನೊಂದು ಬಗೆಯ ಹಕ್ಕಿಜ್ವರದ ವೈರಸ್ ಸಿಕ್ಕಿ, ಸುಮಾರು ಒಂದು ತಿಂಗಳು ಬಾಗಿಲು ಮುಚ್ಚಿತ್ತು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲು. ಯುಗಾದಿ ಹತ್ತಿರ ಬಂದಿತ್ತು. ಕೋಳಿಯಿಂದ ಕೊರೊನಾ ಬರುತ್ತೆ ಅನ್ನುವ ಸುಳ್ಳು ಸುದ್ದಿಯಿಂದ ಕೋಳಿ ಕೇಳುವವರೇ ಇರಲಿಲ್ಲ. ಅದೇ ಹೊತ್ತಿಗೆ ನಿಜವಾದ ಹಕ್ಕಿಜ್ವರ ಬಂತು. ಸುತ್ತ ಒಂದು ಕಿಲೋಮೀಟರ್ ಒಳಗಿನ ಮನೆಗಳಲ್ಲಿದ್ದ ಕೋಳಿಗಳನ್ನು ಸಿಬ್ಬಂದಿ ಕೊಲ್ಲಬೇಕಾಯಿತು. ಅದರಾಚೆ ಹತ್ತು ಕಿಲೋಮೀಟರ್‌ವರೆಗೆ ನಿಗಾ. ಕೆಲವೇ ದಿನದಲ್ಲಿ ಲಾಕ್‌ಡೌನ್ ಆಯಿತು, ಜನ ಇದನ್ನು ಮರೆತೇಬಿಟ್ಟರು. 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಮತ್ತೆ ಬಂತು.

ಕೋಳಿ ಕೊಲ್ಲಲು ಬರುವವರನ್ನು ಕಂಡರೆ ನಿಮಗೆ ಸಿಟ್ಟು ಬರುತ್ತದೆ, ನನಗೆ ಗೊತ್ತು. ಹಿತ್ತಲ ಕೋಳಿ ಅಂದರೆ ಆ ಮನೆಯ ಹೆಂಗಸಿನ ಸ್ವಂತ ದುಡ್ಡು. ಗಂಡನ ಹತ್ತಿರ ಕೈಚಾಚದೆ ಮಗಳಿಗೆ ಬಳೆ ತರುವುದು, ಮಗನಿಗೆ ಪೆನ್ನು ತರುವುದು ಅದರಿಂದಲೇ. ಒಂದು ಹೇಟೆ, ಹನ್ನೆರಡು ಮರಿ ಕಣ್ಣೆದುರಿಗೆ ಹೋದರೆ ಹೊಟ್ಟೆ ಉರಿಯದೆ ಇರುತ್ತದಾ? ಹಾಗಾಗಿ ಏನು ಮಾಡುತ್ತೇವೆ? ಎರಡು ಕೋಳಿ ಸತ್ತಾಗ ಸುಮ್ನಿರುತ್ತೇವೆ. ತೂಕಡಿಸುವುದನ್ನು ಸಾಯುವ ಮುಂಚೆ ಕುಯ್ದು ಸಾರು ಮಾಡುತ್ತೇವೆ. ಉಳಿದದ್ದನ್ನು ಸಂತೆಗೆ ಹೊಡೆಯುತ್ತೇವೆ. ಸತ್ತದ್ದನ್ನು ರಾತ್ರಿ ನಾಲೆಗೆ ಎಸೆಯುತ್ತೇವೆ. ಈ ನಾಲ್ಕು ಕೆಲಸಗಳಲ್ಲಿ ಒಂದೊಂದೂ ವೈರಸ್ಸಿಗೆ ದಾರಿ ಮಾಡಿಕೊಡುತ್ತದೆ. ಸಾರಿಗೆ ಕುಯ್ದಾಗ ನಿಮ್ಮ ಕೈಗೆ, ಸಂತೆಗೆ ಹೋದಾಗ ಹತ್ತು ಊರಿಗೆ, ನಾಲೆಗೆ ಬಿದ್ದಾಗ ಕೆಳಗಿನ ಊರಿನ ಬಾತಿಗೆ. ತಣ್ಣಗಿನ ನೀರಲ್ಲಿ ಇದು ದಿನಗಟ್ಟಲೆ ಉಳಿಯುತ್ತದೆ. ಬಿರುಬಿಸಿಲಿಗೆ ಒಣಗಿದರೆ ಬೇಗ ಸಾಯುತ್ತದೆ.

ಇಲ್ಲಿ ಒಂದು ವಿಷಯ ಎಲ್ಲರಿಗೂ ತಿಳಿಸಬೇಕು. ಸರ್ಕಾರ ಪರಿಹಾರ ಕೊಡುವುದು ಸಿಬ್ಬಂದಿ ಬಂದು ಕೊಂದ ಕೋಳಿಗೆ, ನಾಶ ಮಾಡಿದ ಮೊಟ್ಟೆಗೆ, ಮೇವಿಗೆ. ಅವರು ಬರುವ ಮುಂಚೆ ತಾವಾಗಿ ಸತ್ತದ್ದಕ್ಕೆ ಇಲ್ಲ. ಈ ನಿಯಮ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಮೊದಲು ಕೋಳಿ ಕಳೆದುಕೊಂಡವರೇ ಮೊದಲು ಸುದ್ದಿ ಕೊಡಬೇಕಾದವರು. ಅವರ ಕೈಗೇ ಕಡಿಮೆ ಸಿಗುವ ಹಾಗಾಗುತ್ತದೆ. ನಾನು ಸೇವೆಯಲ್ಲಿದ್ದಾಗಲೂ ಇದನ್ನು ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಆದರೆ ನಿಯಮ ಇರುವವರೆಗೆ ಲೆಕ್ಕ ಹೀಗಿದೆ: ಎರಡು ಸತ್ತಾಗ ಫೋನ್ ಮಾಡಿದರೆ ಉಳಿದ ಇಪ್ಪತ್ತಕ್ಕೆ ದುಡ್ಡು ಬರುತ್ತದೆ. ಇಪ್ಪತ್ತೂ ಸತ್ತ ಮೇಲೆ ಮಾಡಿದರೆ ಏನೂ ಬರುವುದಿಲ್ಲ.

ಹಿಂದೆ ಕೂತಿರುವ ಯುವಕರು ಲಸಿಕೆ ಯಾಕೆ ಹಾಕಲ್ಲ ಅಂತ ಕೇಳುತ್ತಿದ್ದಾರೆ. ಕೆಲವು ದೇಶಗಳಲ್ಲಿ ಹಾಕುತ್ತಾರೆ. ಈಜಿಪ್ಟ್ 2006ರಿಂದ ಹಾಕಿತು, ರೋಗ ಹೋಗಲಿಲ್ಲ. ಲಸಿಕೆ ಹಾಕಿದ ಕೋಳಿ ಸಾಯದೆ ಇರಬಹುದು, ಆದರೆ ಒಳಗೊಳಗೇ ವೈರಸ್ ಹರಡುತ್ತಿರಬಹುದು. ಕೋಳಿ ಸತ್ತರೆ ನಮಗೆ ರೋಗ ಬಂದದ್ದಾದರೂ ಗೊತ್ತಾಗುತ್ತದೆ. ಚೀನಾದಲ್ಲಿ 2013ರಲ್ಲಿ ಎಚ್7ಎನ್9 ಅನ್ನುವ ಇನ್ನೊಂದು ಬಗೆಯ ಹಕ್ಕಿಜ್ವರ ಬಂದಾಗ, ಲಸಿಕೆ ಇಲ್ಲದೆಯೇ ಇದೇ ಕಷ್ಟ ಆಯಿತು. ಕೋಳಿಗೆ ಏನೂ ಆಗುತ್ತಿರಲಿಲ್ಲ, ಸಂತೆಗೆ ಹೋದ ಜನ ಮಾತ್ರ ಆಸ್ಪತ್ರೆ ಸೇರುತ್ತಿದ್ದರು. ಹಾಗಾಗಿ ನಮ್ಮ ದೇಶ ಈವರೆಗೆ ಕೊಲ್ಲುವ ದಾರಿಯನ್ನೇ ಹಿಡಿದಿದೆ.

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಆದರೂ ಇದನ್ನು ಹೇಳದೆ ಹೋಗಲಾರೆ. ನಮ್ಮ ತಾಲ್ಲೂಕಿನಲ್ಲೇ ಕೊಕ್ಕರೆಬೆಳ್ಳೂರು ಇದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಮನೆ ಮುಂದಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಹೆರಿಗೆಗೆ ಬಂದ ಮನೆ ಮಗಳ ಹಾಗೆ ನೋಡಿಕೊಂಡು ಬಂದಿದ್ದಾರೆ. ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಯಾರಾದರೂ ಒಬ್ಬರು, "ಮರ ಕಡಿದು ಓಡಿಸಿಬಿಡೋಣ" ಅನ್ನುತ್ತಾರೆ. ದಯವಿಟ್ಟು ಬೇಡ. ಓಡಿಸಿದರೆ ಹಕ್ಕಿ ಇನ್ನೊಂದು ಊರಿಗೆ ಹೋಗುತ್ತದೆ, ರೋಗ ಇದ್ದರೆ ಜೊತೆಗೇ ಹೋಗುತ್ತದೆ. ಕೆಲವು ವರ್ಷದ ಹಿಂದೆ ಅಲ್ಲಿ ಹೆಜ್ಜಾರ್ಲೆಗಳು ಸತ್ತು ಬಿದ್ದಾಗ ಎಲ್ಲರೂ ಹಕ್ಕಿಜ್ವರ ಅಂದುಕೊಂಡರು. ಕುಯ್ದು ನೋಡಿದರೆ ಹೊಟ್ಟೆ ತುಂಬಾ ಜಂತುಹುಳು. ಕಾಡುಹಕ್ಕಿ ಈ ವೈರಸ್ ತರುವುದು ನಿಜ. ಟಿಬೆಟ್, ಮಂಗೋಲಿಯಾ ಕಡೆಯಿಂದ ಪಟ್ಟೆತಲೆ ಹೆಬ್ಬಾತು ಚಳಿಗಾಲಕ್ಕೆ ನಂಜನಗೂಡಿನ ಹದಿನಾರು ಕೆರೆಗೆ ಬರುತ್ತದೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಅದೇ ಜಾತಿಯ ಹೆಬ್ಬಾತುಗಳು ಇದೇ ರೋಗದಿಂದ ಸಾವಿರಗಟ್ಟಲೆ ಸತ್ತವು. ಆದರೆ ಊರಿಂದ ಊರಿಗೆ ರೋಗವನ್ನು ಹೊರುವುದು ಹಕ್ಕಿ ಮಾತ್ರ ಅಲ್ಲ. ಕೋಳಿ ಲಾರಿ, ಮೊಟ್ಟೆ ಟ್ರೇ, ಕಬ್ಬಿನ ಗದ್ದೆಗೆ ಹೊಡೆಯುವ ಕೋಳಿಗೊಬ್ಬರ, ಫಾರಂ ಕೆಲಸಗಾರನ ಚಪ್ಪಲಿ, ಇವೂ ಹೊರುತ್ತವೆ. ಕೆರೆ ಹಕ್ಕಿಯ ಮೇಲೆ ಕೋಪ ತೀರಿಸಿಕೊಳ್ಳುವ ಮುಂಚೆ ಚಪ್ಪಲಿ ತೊಳೆಯೋಣ.

ಹಸುವಿನ ವಿಷಯಕ್ಕೆ ಬರುತ್ತೇನೆ, ನಮ್ಮದು ಹಾಲಿನ ಜಿಲ್ಲೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಸುಗಳಿಗೆ ಎಚ್5ಎನ್1 ಬಂದದ್ದು ಗೊತ್ತಾಯಿತು. ನಾನು ಓದುವಾಗ ಹಸುವಿಗೆ ಇದು ಬರುತ್ತದೆ ಅಂತ ಯಾವ ಮೇಷ್ಟರೂ ಹೇಳಿರಲಿಲ್ಲ. ಹಸು ಮೇವು ಬಿಟ್ಟಿತು, ಹಾಲು ಇಳಿಯಿತು, ಕರೆದ ಹಾಲು ಗಿಣ್ಣಿನ ಹಾಗೆ ಗಟ್ಟಿಯಾಗಿ ಹಳದಿಯಾಗಿತ್ತು. ವೈರಸ್ ಕೆಚ್ಚಲಲ್ಲೇ ಮನೆ ಮಾಡಿತ್ತು. ಮೊದಲ ಸುಳಿವು ಕೊಟ್ಟವುಗಳಲ್ಲಿ ಆ ಕೊಟ್ಟಿಗೆಗಳ ಬೆಕ್ಕುಗಳೂ ಇದ್ದವು. ಹಸಿ ಹಾಲು ಕುಡಿದು ಕುರುಡಾಗಿ, ತೂರಾಡಿ ಸತ್ತವು. ಆಮೇಲೆ ಹಾಲು ಕರೆಯುವ ಕೆಲಸಗಾರರಿಗೆ ಕಣ್ಣು ಕೆಂಪಾಯಿತು. ಅಲ್ಲಿ ಮೊದಲು ಸಿಕ್ಕ ಕೆಲಸಗಾರನಿಗೆ ಕಣ್ಣು ಕೆಂಪಾದದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮಲ್ಲೂ 2025ರ ಶುರುವಿನಲ್ಲಿ ಮಧ್ಯಪ್ರದೇಶದ ಛಿಂದ್‌ವಾಡಾದಲ್ಲಿ ಸಾಕುಬೆಕ್ಕುಗಳಿಗೆ ಬಂತು. ನಾವು ಹಾಲು ಕಾಯಿಸಿಯೇ ಕುಡಿಯುತ್ತೇವೆ, ಆ ಅಭ್ಯಾಸ ನಮ್ಮನ್ನು ಕಾಪಾಡುತ್ತದೆ. ಆದರೆ ಕರೆಯುವಾಗ ಪಕ್ಕದಲ್ಲಿ ಬಾಯಿ ತೆರೆದು ಕೂರುವ ಬೆಕ್ಕಿಗೆ ಒಂದು ಧಾರೆ ಹೊಡೆಯುತ್ತೇವಲ್ಲ, ಅದನ್ನು ಬಿಡಿ. ಸತ್ತ ಕೋಳಿಯನ್ನು ಬೆಕ್ಕು ನಾಯಿಗೆ ಹಾಕುವುದನ್ನಂತೂ ಇವತ್ತಿಂದಲೇ ಬಿಡಿ. ಆ ಬೆಕ್ಕು ರಾತ್ರಿ ಮಗುವಿನ ಪಕ್ಕದಲ್ಲೇ ಮಲಗುತ್ತದೆ.

ಕೋಳಿ ಸತ್ತಾಗ ಏನು ಮಾಡಬೇಕು? ಮೊದಲು 1962ಕ್ಕೆ ಫೋನ್ ಮಾಡಿ, ಅಥವಾ ಪಶು ಆಸ್ಪತ್ರೆಗೆ ತಿಳಿಸಿ. ಒಂದೇ ದಿನದಲ್ಲಿ ಎರಡು ಮೂರು ಸತ್ತರೆ ಕಾಯಬೇಡಿ. ಡಾಕ್ಟರು ಬರುವವರೆಗೆ ಹೂಳಬೇಡಿ, ಮಾದರಿ ಬೇಕಾಗುತ್ತದೆ. ಅಲ್ಲಿವರೆಗೆ ನಾಯಿ ಎಳೆಯದ ಹಾಗೆ ಮಂಕರಿ ಕವುಚಿಡಿ. ಎತ್ತಲೇಬೇಕಾದರೆ ನೋಡಿ ಹೀಗೆ, ನಿಮ್ಮ ಮುಂದೆಯೇ ತೋರಿಸುತ್ತೇನೆ. ದಪ್ಪ ಪ್ಲಾಸ್ಟಿಕ್ ಕವರ್ ತಗೊಳ್ಳಿ. ಕೈಯನ್ನು ಅದರೊಳಗೆ ತೂರಿಸಿ. ಈ ತೆಂಗಿನಕಾಯಿಯೇ ಕೋಳಿ ಅಂದುಕೊಳ್ಳಿ. ಕವರ್ ಸಮೇತ ಹಿಡಿದುಕೊಂಡೆ. ಇನ್ನೊಂದು ಕೈಯಲ್ಲಿ ಕವರನ್ನು ಒಳಹೊರಗು ಮಾಡಿ ಎಳೆದೆ. ಕೋಳಿ ಒಳಗೆ ಹೋಯಿತು, ನನ್ನ ಕೈ ಅದನ್ನು ಮುಟ್ಟಲೇ ಇಲ್ಲ. ಬಾಯಿ ಗಂಟು ಹಾಕಿದೆ. ಮೂಗು ಬಾಯಿಗೆ ಮಾಸ್ಕ್ ಇರಲಿ, ಇಲ್ಲದಿದ್ದರೆ ಟವಲ್ ಆದರೂ ಕಟ್ಟಿ. ಆಮೇಲೆ ಸೋಪಿನಲ್ಲಿ ಉಜ್ಜಿ ಕೈ ತೊಳೆಯಿರಿ. ಈ ವೈರಸ್ಸಿನ ಮೈಮೇಲೆ ಕೊಬ್ಬಿನ ಪದರ ಇದೆ, ಜಿಡ್ಡು ಹೋಗುವ ಹಾಗೆಯೇ ಸೋಪಿಗೆ ಅದೂ ಕರಗುತ್ತದೆ. ಬರೀ ನೀರಿಗೆ ಕರಗುವುದಿಲ್ಲ. ಡಾಕ್ಟರು ಹೂಳಲು ಹೇಳಿದ ಮೇಲೆ, ಬಾವಿ ನಾಲೆಯಿಂದ ದೂರ, ಆಳವಾದ ಗುಂಡಿ ತೆಗೆದು ಮೇಲೆ ಸುಣ್ಣ ಹಾಕಿ.

ಕೋಳಿ ಸತ್ತ ಮನೆಯಲ್ಲಿ ಯಾರಿಗಾದರೂ ಹತ್ತು ದಿನದೊಳಗೆ ಜ್ವರ, ಕೆಮ್ಮು, ಉಸಿರಾಟದ ಕಷ್ಟ ಬಂದರೆ, ಕಣ್ಣು ಕೆಂಪಾದರೆ, ತಡ ಮಾಡಬೇಡಿ. ಒಸೆಲ್ಟಾಮಿವಿರ್ ಅಂತ ಔಷಧಿ ಇದೆ. ಮೊದಲ ಎರಡು ದಿನದಲ್ಲಿ ಶುರುಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆಸ್ಪತ್ರೆಗೆ ಹೋದಾಗ "ನಮ್ಮನೆ ಕೋಳಿ ಸತ್ತಿವೆ, ನಾನು ಮುಟ್ಟಿದ್ದೆ" ಅಂತ ನೀವಾಗಿ ಹೇಳಿ. ಡಾಕ್ಟರು ಜ್ವರ ಕೇಳುತ್ತಾರೆ, ಕೋಳಿ ಕೇಳುವುದಿಲ್ಲ.

ಮುಂದೆ ಕೂತಿರುವ ಅಜ್ಜಿ ಆಗಿನಿಂದ ಏನೋ ಕೇಳಬೇಕು ಅಂತಿದ್ದಾರೆ. ಹೇಳಿ ಅಜ್ಜಿ. ಪಕ್ಕದ ಮನೆ ಕೋಳಿ ಸತ್ತರೆ, ನಮ್ಮನೇಲಿ ಕಾವಿಗೆ ಕೂತ ಹೇಟೆಯನ್ನು ಏನು ಮಾಡಬೇಕು, ಅಲ್ವಾ? ಅದನ್ನು ಎಬ್ಬಿಸಬೇಡಿ ಅಜ್ಜಿ. ಕೋಣೆ ಬಾಗಿಲು ಹಾಕಿ, ಅಲ್ಲೇ ಕಾಳು ನೀರು ಇಡಿ, ಬೇರೆ ಕೋಳಿ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ. ಮೊಮ್ಮಕ್ಕಳನ್ನು ಆ ಕಡೆ ಬಿಡಬೇಡಿ. ಮೊಟ್ಟೆ ತಿರುವಿ ನೋಡುವ ಅಭ್ಯಾಸ ಇದ್ದರೆ ಸದ್ಯಕ್ಕೆ ನಿಲ್ಲಿಸಿ. ಪಕ್ಕದ ಮನೆಯವರು ಫೋನ್ ಮಾಡಿದರಾ ಅಂತ ಇವತ್ತೇ ವಿಚಾರಿಸಿ. ಮಾಡಿಲ್ಲ ಅಂದರೆ ನೀವೇ ಮಾಡಿ. ನಂಬರ್ ಗೋಡೆ ಮೇಲೆ ಇದ್ದಿಲಲ್ಲಿ ಬರೆದಿಡಿ, 1962.